ಬೆಳ್ಳಿ ಬಿಟ್ಟೆವು, ಕಬ್ಬಿಣ ಮರೆತೆವು

ಈಗಲೂ ಆಸ್ಪತ್ರೆಯ ಬಾಗಿಲು ದಾಟುವಾಗ ನನ್ನ ಕೈ ತಾನಾಗಿ ಎಡಗಿವಿಗೆ ಹೋಗುತ್ತದೆ. ಕಿವಿ ಇದೆ ಎಂದು ಖಾತ್ರಿಯಾದ ಮೇಲೆ ಒಳಗೆ ಹೋಗುತ್ತೇನೆ.

ಹುನಗುಂದದ ನಮ್ಮ ಮಾವನವರಿಗೆ, ಅಂದರೆ ಹೆಂಡತಿಯ ತಂದೆಗೆ, ತಲೆ ತಿರುಗುತ್ತಿತ್ತು. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯೆಂದು ಗುಳಿಗೆ ಕೊಟ್ಟಿದ್ದರು. ಮಂಡಿನೋವಿಗೆ ತಾಮ್ರದ ಉಂಗುರವನ್ನು ಅವರೇ ಹಾಕಿಕೊಂಡಿದ್ದರು. ತಿರುಗುವುದು ನಿಲ್ಲಲಿಲ್ಲ. ಮಿದುಳಿನಲ್ಲಿ ಗಡ್ಡೆ ಇದೆಯೇನೋ ನೋಡೋಣವೆಂದು ಡಾಕ್ಟರು ಬಾಗಲಕೋಟೆಗೆ ಎಂಆರ್‌ಐ ಸ್ಕ್ಯಾನಿಗೆ ಬರೆದುಕೊಟ್ಟರು. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನೆಂದು ಜೊತೆಗೆ ನನ್ನನ್ನು ಕಳಿಸಿದರು. ಆ ಪದವಿಯನ್ನು ಅಲ್ಲಿಯವರೆಗೆ ಯಾರೂ ವಿಚಾರಿಸಿರಲಿಲ್ಲ. ನನಗೆ ಹುರುಪು ಬಂತು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಪಾಠ ಮಾಡಿದೆ. ಮಷೀನು ದೊಡ್ಡ ಅಯಸ್ಕಾಂತ, ಕಬ್ಬಿಣವನ್ನು ಎಳೆಯುತ್ತದೆ, ತಾಮ್ರ ಬೆಳ್ಳಿಯನ್ನು ಎಳೆಯುವುದಿಲ್ಲ.

"ರಕ್ತದಾಗ ಕಬ್ಬಿಣ ಐತಿ ಅಂತಾರಲ್ಲರಿ, ಅದನ್ನೂ ಜಗ್ಗತೈತೇನು?"

"ಇಲ್ಲರಿ ಮಾವಾರ, ಅದು ಬ್ಯಾರೆ ನಮೂನಿ."

"ಜಗ್ಗಲಿಲ್ಲಂದ್ರ ಅದೆಂಥಾ ಕಬ್ಬಿಣರಿ? ಗುಳಿಗಿ ನುಂಗಿದ್ದು ದಂಡ."

ಮೈಮೇಲಿನ ಲೋಹವೆಲ್ಲ ತೆಗೆಯಬೇಕೆಂದು ಮಷೀನು ನಡೆಸುವ ಹುಡುಗಿ ಹೇಳಿದಳು. ಉಂಗುರ ಬಂತು. ಕೊರಳಿನ ಬೆಳ್ಳಿಯ ಕರಡಿಗೆ ಬರಲಿಲ್ಲ. ಅದರೊಳಗೆ ಇಷ್ಟಲಿಂಗ. ದೀಕ್ಷೆಯಾದಂದಿನಿಂದ ಅದು ಮೈ ಬಿಟ್ಟಿದ್ದಿಲ್ಲ.

"ಲಿಂಗ ಬಿಟ್ಟು ಒಳಗ ಹೋಗೂದಕ್ಕಿಂತ ತಲಿ ತಿರುಗಿಸಿಕೊಂತ ಮನಿಗೆ ಹೋಗ್ತೇನಿ."

ನಾನು ಬೆಳ್ಳಿಯ ಪರ ವಕಾಲತ್ತು ಹಿಡಿದೆ. "ಬೆಳ್ಳಿ ಜಗ್ಗೂದಿಲ್ಲ, ಖರೆ ಸರ್. ಆದ್ರ ಫೋಟೋ ಕೆಡತೈತಿ," ಎಂದಳು ಹುಡುಗಿ. ಸರದಿಯಲ್ಲಿ ಕುಳಿತವರೂ ವಾದಕ್ಕಿಳಿದರು. ಕೊನೆಗೆ ಅವರಲ್ಲೊಬ್ಬ ಹೆಂಗಸು, ಕರಡಿಗೆಯನ್ನಷ್ಟೇ ಬಿಟ್ಟು ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಳ್ಳಲಿ, ಅದು ಕಲ್ಲಿನದಲ್ಲವೇ ಎಂದರು. ಮಾವ ಒಪ್ಪಿದರು. ಎಲ್ಲರ ಮುಖದಲ್ಲೂ ಬೀಗತನ ಕುದುರಿದ ಕಳೆ.

ಆ ಸಂಭ್ರಮದಲ್ಲಿ ಹುಡುಗಿ "ಮತ್ತೇನರ ಐತೇನ್ರಿ ಅಜ್ಜಾರ?" ಎಂದಾಗ ಅವರ ಬದಲು ನಾನೇ "ಏನಿಲ್ಲ" ಎಂದೆ. ಆಸ್ಪತ್ರೆಯ ನಿಲುವಂಗಿಯ ಕೆಳಗೆ ಅವರ ಧೋತರ ಹಾಗೇ ಇತ್ತು. ಸೊಂಟದಲ್ಲಿ ಎಲೆ ಅಡಿಕೆಯ ಚಂಚಿ. ಚಂಚಿಯಲ್ಲಿ ಅಡಿಕೆ ಕತ್ತರಿಸುವ ಕಬ್ಬಿಣದ ಅಡಕೊತ್ತು.

ಮಾವ ಮಷೀನಿನ ಮಂಚದ ಮೇಲೆ ಕುಳಿತರು. ಗಡಿಯಾರ, ಕೀಲಿ ಹೊರಗಿಟ್ಟು ಜೊತೆಗೆ ಬಂದಿದ್ದ ನಾನು ಮಲಗಿಸಲು ಬಗ್ಗಿದೆ.

"ಅಳಿಯಾರ, ನಡಾ ಯಾರೋ ಜಗ್ಗಾಕತ್ತಾರ."

ನಿಲುವಂಗಿ ಸರಿಯಿತು, ಚಂಚಿ ಹರಿಯಿತು, ನನ್ನ ಎಡಗಿವಿಯನ್ನು ಗಾಳಿ ಸವರಿತು. ಠಣ್ ಎಂದಿತು. ಅಡಕೊತ್ತು ಸುರಂಗದೊಳಗೆ, ಅವರ ತಲೆ ಇರಬೇಕಾದ ಜಾಗದಲ್ಲಿ ಕಚ್ಚಿಕೊಂಡಿತ್ತು. ಅದೊಂದು ಜಾಗವನ್ನು ನಾನು ಇಂದಿಗೂ ಅನ್ನ ಕಲಸುವಾಗ, ಗಡ್ಡ ಹೆರೆಯುವಾಗ ನೋಡುತ್ತಿರುತ್ತೇನೆ. ಮಲಗಿಸುವುದರಲ್ಲಿ ನಾನು ತುಸು ಚುರುಕಾಗಿದ್ದಿದ್ದರೆ! ಜೀವನದಲ್ಲಿ ನನ್ನ ಮಂದಗತಿ ಉಪಕಾರ ಮಾಡಿದ್ದು ಅದೊಂದೇ ಸಲ.

ಹುಡುಗಿ ಅಡಕೊತ್ತನ್ನು ಎರಡೂ ಕೈಯಿಂದ ಜಗ್ಗಿ ಕಿತ್ತಳು. ಮಾವನವರ ಕೈ ಲಿಂಗದ ಮೇಲಿತ್ತು. ಇನ್ನು ಸ್ಕ್ಯಾನಿಗೆ ಒಪ್ಪಲಾರರು ಎಂದುಕೊಂಡೆ. ಅವರು ಧೋತರವನ್ನೇ ಬಿಚ್ಚಿ ನನ್ನ ಕೈಗಿತ್ತರು.

"ಒಳಗ ನಿಮ್ಮ ಜೋಡಿ ಯಾರರ ಇರಬೇಕೇನ್ರಿ ಅಜ್ಜಾರ?" ಎಂದಳು ಹುಡುಗಿ.

"ಬ್ಯಾಡವಾ. ಇವರನ್ನ ಹೊರಗ ಕುಂದ್ರಸಿ ನೀರು ಕೊಡು."

ಗಡ್ಡೆಯಿಲ್ಲ ಎಂದು ಡಾಕ್ಟರು ಹೊರಬಂದು ಹೇಳಿದರು. ಕೇಳಿಸಿತು, ನಾನು ಕುಳಿತೇ ಇದ್ದೆ. ಮಾವ ನಿಲುವಂಗಿಯಲ್ಲೇ ಎದುರಿಗೆ ನಿಂತು ಕೈ ಚಾಚಿದ್ದರು.

"ಧೋತರ ಬಿಡ್ರಿ ಅಳಿಯಾರ, ನಾ ಉಟ್ಟುಕೊಳ್ಳಬೇಕು."