ಕಾಕಾನ ಎಡಗಾಲು

2020ರ ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ, ಹುಲ್ಲಿನ ಇಬ್ಬನಿ ಇನ್ನೂ ಆರದಿದ್ದ ಹೊತ್ತಿನಲ್ಲಿ, ನಾನು ಬ್ಯಾಲಂಟೈನ್ ಹತ್ತಿರದ ಒಂದು ಗಾಲ್ಫ್ ಮೈದಾನದ ಇಳಿಜಾರಿನ ಮೇಲ್ತುದಿಯಲ್ಲಿ ನಿಂತಿದ್ದೆ. ನನ್ನ ಕಾರ್ಟ್, ಮೈದಾನದಲ್ಲಿ ಓಡಾಡುವ ಪುಟ್ಟ ಗಾಡಿ, ಬಲಗಡೆಗಿತ್ತು. ಕಾಕಾ ನನಗಿಂತ ಕೆಳಗೆ, ಎರಡು ಕಾರು ನಿಲ್ಲುವಷ್ಟು ದೂರದಲ್ಲಿದ್ದರು. ನಡುವೆ ಮರವಿರಲಿಲ್ಲ, ಬಿಸಿಲು ನನ್ನ ಬೆನ್ನಿಗಿತ್ತು. ಆದ್ದರಿಂದ ನನಗೆ ಸರಿಯಾಗಿ ಕಾಣಿಸಿತು ಎಂದೇ ಹೇಳಬೇಕು.

ಕಾಕಾ ನನ್ನ ಸಂಬಂಧಿಯಲ್ಲ. ಧಾರವಾಡದ ಕಡೆಯ ನಿವೃತ್ತ ಸಿವಿಲ್ ಎಂಜಿನಿಯರ್. ಮೊದಲ ಭೇಟಿಯಲ್ಲಿ ಅಂಕಲ್ ಎಂದಾಗ, “ಅಂಕಲ್ ಅನಬ್ಯಾಡ, ವಯಸ್ಸಾದಂಗ ಆಗತೈತಿ. ಕಾಕಾ ಅನ್ನು,” ಎಂದಿದ್ದರು. ನಮ್ಮ ಜೊತೆ ಆಡುತ್ತಿದ್ದ ಇನ್ನೊಬ್ಬನು ಉಡುಪಿ ಕಡೆಯವನು, ಬ್ಯಾಂಕೊಂದರ ಐಟಿ ವಿಭಾಗದಲ್ಲಿದ್ದ, ನನ್ನ ವಯಸ್ಸಿನವನು. ಆ ವರ್ಷ ಮನೆಯಿಂದಾಚೆ ಮಾಡಬಹುದಾಗಿದ್ದ ಕೆಲವೇ ಸಂಗತಿಗಳಲ್ಲಿ ಗಾಲ್ಫ್ ಒಂದು. ಒಬ್ಬರಿಗೊಂದು ಕಾರ್ಟ್, ಯಾರೂ ಯಾರನ್ನೂ ಮುಟ್ಟುವಂತಿಲ್ಲ. ನಾನು ಅಪಾರ್ಟ್‌ಮೆಂಟಿನಲ್ಲಿ ಒಬ್ಬನೇ ಇದ್ದೆ. ವಾರವಿಡೀ ಸ್ಕ್ರೀನಿನಲ್ಲಿ ಮಾತಾಡಿದವನಿಗೆ ಎದುರಿಗೆ ನಿಂತವರ ಬಾಯಿಂದ ಕನ್ನಡ ಕೇಳಿಸುತ್ತಿದ್ದದ್ದು ಶನಿವಾರ ಮಾತ್ರ.

ಕಾಕಾನಿಗೂ ಮಗಳಿಗೂ ಒಂದು ಕರಾರಿತ್ತು. ಹೆಂಡತಿ, ನಮ್ಮ ಕಾಕೂ, ತೀರಿಕೊಂಡ ಮೇಲೆ ಅವರು ಟೌನ್‌ಹೌಸಿನಲ್ಲಿ ಒಬ್ಬರೇ ಇದ್ದರು. ಮಲಗುವ ಕೋಣೆ ಮೇಲೆ, ಅಡುಗೆಮನೆ ಕೆಳಗೆ. ನಡುವಿನ ಮೆಟ್ಟಿಲುಗಳ ಮೇಲೇ ಮಗಳ ಕಣ್ಣು. ಒಂದು ಸಲ ಬಿದ್ದರೂ ಸಾಕು, ಮನೆ ಮಾರಿ ಅಟ್ಲಾಂಟಾ ಹತ್ತಿರದ ನಾರ್‌ಕ್ರಾಸಿಗೆ, ಅವಳ ಮನೆಗೆ ಬರಬೇಕು. ಕಾಕಾ ಒಪ್ಪಿದ್ದರು. ಒಪ್ಪಿದ್ದು ತಾನು ಬೀಳುವುದಿಲ್ಲ ಎಂಬ ಧೈರ್ಯದಿಂದ. “ಅಲ್ಲಿ ಊಟ ಛಲೋ ಸಿಗತೈತಿ. ಆದ್ರ ಚಹಾ ಯಾವಾಗ ಕುಡೀಬೇಕಂತ ಅಕಿ ಹೇಳತಾಳ,” ಎನ್ನುತ್ತಿದ್ದರು.

ಆ ಬೆಳಿಗ್ಗೆ ಅವರ ಚೆಂಡು ಇಳಿಜಾರಿನಲ್ಲಿ ನಿಂತಿತ್ತು. ಎಡಗಾಲು ಕೆಳಗೆ, ಬಲಗಾಲು ಮೇಲೆ ಇಟ್ಟುಕೊಂಡು ಕ್ಲಬ್ ಕೋಲನ್ನು ಬೀಸಿದರು. ಚೆಂಡು ಚೆನ್ನಾಗಿಯೇ ಹೋಯಿತು. ಅವರ ದೇಹವೂ ಅದರ ಹಿಂದೆ ತಿರುಗಿತು. ಎಡ ಪಾದ ಮಾತ್ರ ತಿರುಗಲಿಲ್ಲ, ಶೂ ಅಡಿಯ ಮೊಳೆಗಳು ಹಸಿ ನೆಲವನ್ನು ಹಿಡಿದುಕೊಂಡಿದ್ದವು. ಹರಡು, ಪಾದದ ಮೇಲಿನ ಕೀಲು, ಹೊರಗಡೆಗೆ ವಾಲಿದ್ದನ್ನು ನಾನು ಕಂಡೆ. ಅವರು ಬೀಳಲಿಲ್ಲ. ಕ್ಲಬ್ ಊರಿಕೊಂಡು ನಿಧಾನವಾಗಿ ಕುಳಿತರು.

ಆಮೇಲೆ ಎದ್ದರು. ಇದು ಮುಖ್ಯ. ಎದ್ದು, ಕುಂಟುತ್ತ, ತಮ್ಮ ಕಾರ್ಟಿನ ಕಡೆಗೆ ಕೆಲವು ಹೆಜ್ಜೆ ನಡೆದರು. ತಲುಪಲಿಲ್ಲ, ಮತ್ತೆ ಹುಲ್ಲಿನ ಮೇಲೆ ಕುಳಿತು ಶೂ ಬಿಚ್ಚಿದರು. ನಾವಿಬ್ಬರೂ ಹತ್ತಿರ ಹೋಗಿ, ಮಾಸ್ಕ್ ಮೇಲಕ್ಕೆ ಎಳೆದುಕೊಂಡು, ಸ್ವಲ್ಪ ದೂರದಲ್ಲೇ ನಿಂತೆವು.

“ಎಮರ್ಜೆನ್ಸಿಗೆ ಹೋಗುವ, ಕಾಕಾ,” ಎಂದ ಉಡುಪಿಯವನು.

“ಬ್ಯಾಡ. ಅಲ್ಲಿ ಹೆಸರು ಕೇಳೂಕಿಂತ ಮೊದಲ ಮಗಳಿಗೆ ಫೋನ್ ಹಚ್ಚತಾರ. ಉಳುಕೈತಿ ಅಷ್ಟ. ನೀ ಕಾಲು ಮುಂದಾಗಿ ಹುಟ್ಟಿದವ ಅಂತ ಹೇಳಿದ್ದಿ ಅಲ್ಲೋ?”

ಹೇಳಿದ್ದ, ತಮಾಷೆಗೆ. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವರು ಉಳುಕಿದ ಜಾಗವನ್ನು ಕಾಲಿನಿಂದ ಮೂರು ಸಲ ಒತ್ತಿದರೆ ಉಳುಕು ಬಿಡುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ಅವನು ಸಣ್ಣವನಿದ್ದಾಗ ನೆರೆಹೊರೆಯವರು ಸೊಂಟ ಹಿಡಿದುಕೊಂಡು ಮನೆಗೇ ಬರುತ್ತಿದ್ದರಂತೆ.

“ಅದೆಲ್ಲ ಅಜ್ಜಿಯಂದಿರ ಕಾಲದ್ದು ಮಾರಾಯ್ರೆ. ಎಕ್ಸ್‌ರೇ ತೆಗೆಸುವ.”

“ನೀ ಬ್ಯಾಂಕಿನಾಗ ದಿನಾ ಎಂಥೆಂಥಾವು ನಂಬತಿ. ಇದೊಂದು ನನ್ನ ಸಲುವಾಗಿ ನಂಬು.”

ಅವನು ಶೂ, ಸಾಕ್ಸ್ ಎರಡೂ ತೆಗೆದ. ಹಿಮ್ಮಡಿಯನ್ನು ಕಾಕಾನ ಹರಡಿನ ಮೇಲೆ ಮೆಲ್ಲಗೆ ಇಟ್ಟ, ತೆಗೆದ. ಮತ್ತೆ ಇಟ್ಟ.

“ದೇವರಿಗೆ ಹೂವು ಏರಸಾಕತ್ತೀಯೇನು? ಗಟ್ಟಿ ಒತ್ತೋ.”

ಮೂರನೆಯ ಸಲ ಗಟ್ಟಿಯಾಗಿ ಒತ್ತಿದ. ಎಷ್ಟು ಗಟ್ಟಿ ಎಂದು ನಾನು ಹೇಳಲಾರೆ. ಕಾಕಾ ಕೂಗಲಿಲ್ಲ. ಬಾಯಿ ತೆರೆದುಕೊಂಡು ಆಕಾಶ ನೋಡಿದರು. ಹಿರಿಯರಿಗೆ ಕಾಲು ತಾಗಿಸಿದ್ದಕ್ಕೆ ಅವನು ಬಗ್ಗಿ ಅವರ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡ. ಎಷ್ಟೋ ತಿಂಗಳ ನಂತರ ಒಬ್ಬ ಮನುಷ್ಯ ಇನ್ನೊಬ್ಬನನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಆವತ್ತೇ.

ಆಮೇಲೆ ಕಾಕಾ ಏಳಲು ಹೋದರು, ಆಗಲಿಲ್ಲ. ನಾವಿಬ್ಬರೂ ಎತ್ತಿಕೊಂಡು ಹೋಗಬೇಕಾಯಿತು.

ಹರಡಿನ ಮೂಳೆ ಮುರಿದಿತ್ತು. ಪ್ಲೇಟ್ ಹಾಕಿ ಸ್ಕ್ರೂ ಬಿಗಿದರು. ಮುರಿದದ್ದು ಯಾವಾಗ ಎಂದು ಎಕ್ಸ್‌ರೇ ಹೇಳುವುದಿಲ್ಲ ಎಂದರು ಡಾಕ್ಟರು. ಮುರಿದ ಮೂಳೆಯ ಮೇಲೂ ಕೆಲವರು ನಾಲ್ಕು ಹೆಜ್ಜೆ ನಡೆಯುತ್ತಾರಂತೆ.

ಮಗಳು ಮರುದಿನವೇ ಬಂದಳು. ಕಾಕಾನ ಮನೆಯ ಮುಂದೆ ಕಾರಿನ ಬಾಗಿಲು ಹಿಡಿದುಕೊಂಡೇ ಕೇಳಿದಳು, “ಎಗ್ಸಾಕ್ಟ್ಲಿ ಏನಾಯ್ತು?” ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳಿದೆ.

“ಅಪ್ಪಾನೇ ಕೇಳಿ ಒತ್ತಿಸಿಕೊಂಡ್ರಾ?”

“ಹೌದು.”

“ನಂಗೆ ಫೋನ್ ಬರಬಾರದು ಅಂತಾನಾ?”

ಅದಕ್ಕೂ ಹೌದೆಂದೆ. ಅವಳು ಯಾರ ಮೇಲೂ ರೇಗಲಿಲ್ಲ. ಒಳಗೆ ಹೋಗಿ ಅಡುಗೆಮನೆಯ ಕಪಾಟುಗಳನ್ನು ಒಂದೊಂದಾಗಿ ತೆರೆದು ನೋಡತೊಡಗಿದಳು. ಮನೆ ವಸಂತದಲ್ಲಿ ಮಾರಾಟವಾಯಿತು. ಮಗಳ ಜೊತೆ ಹೊರಟ ದಿನ ಕಾಕಾ ವಾಕರ್ ಹಿಡಿದು ಕಾರು ಹತ್ತುವಾಗ, “ಬಿದ್ದಿಲ್ಲ ನಾನು, ಕುಂತೀನಿ. ನೀ ನೋಡೀಯಲ್ಲ?” ಎಂದು ನನ್ನನ್ನು ಕೇಳಿದರು. ನೋಡಿದ್ದೇನೆ ಎಂದೆ. ಮಗಳು ಎಂಜಿನ್ ಆನ್ ಮಾಡಿದಳು.

ಉಡುಪಿಯವನು ಕೆಲ ಕಾಲ ನನಗೆ ಫೋನ್ ಮಾಡುತ್ತಿದ್ದ. ಹವೆ, ಆಫೀಸು ಎಲ್ಲ ಮುಗಿದ ಮೇಲೆ ಅದೇ ಪ್ರಶ್ನೆ. “ನಾನು ಒತ್ತುವ ಮೊದಲು ಅವರು ಕಾರ್ಟ್‌ವರೆಗೆ ನಡೆದಿದ್ದರಲ್ವಾ?”

“ಕಾರ್ಟ್‌ವರೆಗೆ ಅಲ್ಲ. ಕಾರ್ಟಿನ ಕಡೆಗೆ.”

“ಹಾಗಾದರೆ ಮೊದಲೇ ಮುರಿದಿರಬಹುದು.”

“ಇರಬಹುದು.”

ಇದಕ್ಕಿಂತ ಹೆಚ್ಚು ಹೇಳಿದ್ದರೆ ಅವನಿಗೆ ನಿದ್ದೆ ಬರುತ್ತಿತ್ತೇನೋ. ಆದರೆ ನಾನು ಕಂಡದ್ದು ಅಷ್ಟೇ. ಆಮೇಲೆ ಅವನಿಗೆ ವರ್ಜೀನಿಯಾದಲ್ಲಿ ಬೇರೆ ಕೆಲಸ ಸಿಕ್ಕಿತು. ಫೋನ್ ನಿಂತಿತು. ಶನಿವಾರಗಳಲ್ಲಿ ನಾನು ಈಗ ಗಾಲ್ಫ್ ಆಡುವುದಿಲ್ಲ.

ಕಾಕಾ ಕಳೆದ ವರ್ಷ ನಾರ್‌ಕ್ರಾಸಿನಲ್ಲಿ ತೀರಿಕೊಂಡರು, ಹೃದಯದ ತೊಂದರೆಯಿಂದ, ಕಾಲಿನಿಂದಲ್ಲ. ಆ ಇಳಿಜಾರಿನಲ್ಲಿ ನಡೆದದ್ದನ್ನು ನನ್ನನ್ನು ಬಿಟ್ಟು ಕಂಡವನು ಈಗ ಒಬ್ಬನೇ ಇದ್ದಾನೆ, ಒತ್ತಿದವನು. ವರ್ಜೀನಿಯಾದ ಶ್ಯಾಂಟಿಲಿಯಲ್ಲಿದ್ದಾನೆ. ಆರೋಗ್ಯವಾಗಿದ್ದಾನೆ ಎಂದು ಯಾರೋ ಹೇಳಿದರು.