ಬೇಗ ಮುಗಿಯದ ಆಟ

ಮೊನ್ನೆ ಉಡುಪಿಯಲ್ಲಿ ಮಿಕ್ಸಿ ರಿಪೇರಿಗೆ ಕೊಟ್ಟು ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದೆ. ರಿಪೇರಿಯವನು ಯಾರದೋ ಹಳೇ ಡಬ್ಬಾ ಟಿವಿಯ ಹಿಂಬದಿ ಬಿಚ್ಚಿ ಕರೆಂಟು ಕೊಟ್ಟ. ಕಾದ ಧೂಳಿನ ವಾಸನೆ ಒಮ್ಮೆಲೇ ಮೂಗಿಗೆ ಬಡಿಯಿತು. ಇಂಥ ವಾಸನೆ ಯಾರಿಗೆ ಬೇಕು ಹೇಳಿ! ನನಗೆ ಮಾತ್ರ ಕುವೈತಣ್ಣ ನೆನಪಾದರು...

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ಮಣಿಪಾಲದಲ್ಲಿ ಪುಟ್ಟ ಟೈಲರ್ ಅಂಗಡಿ ಇಟ್ಟುಕೊಂಡಿದ್ದೆ. ಅವರು ಹಿರಿಯಡ್ಕದವರು. ಕುವೈತಿನಲ್ಲಿ ವರ್ಷಗಟ್ಟಲೆ ಡ್ರೈವರ್ ಆಗಿದ್ದು, ಸಾಕಪ್ಪಾ ಸಾಕು ಎಂದು ಊರಿಗೆ ಬಂದಿದ್ದರು. ಎಲ್ಲರೂ ಕುವೈತಣ್ಣ ಎಂದೇ ಕರೆಯುತ್ತಿದ್ದುದರಿಂದ ಅವರಿಗೇ ತಮ್ಮ ಹೆಸರು ಮರೆತಿತ್ತೋ ಏನೋ. ದುಡಿದದ್ದರಲ್ಲಿ ತಂಗಿಯರ ಮದುವೆಯಾಯಿತು, ಮನೆಗೆ ಹಂಚು ಏರಿತು. ಉಳಿದದ್ದರಲ್ಲಿ ಮಣಿಪಾಲದ ಹುಡುಗರಿಗಾಗಿ ವಿಡಿಯೋ ಗೇಮ್ ಅಂಗಡಿ ಇಡುವ ಯೋಚನೆ ಅವರದು; ಕೈಲಿದ್ದ ದುಡ್ಡಿಗೆ ಒಂದೇ ಮೆಷಿನ್ ಬರುತ್ತಿತ್ತು, ಅದೂ ಬೊಂಬಾಯಿಯಲ್ಲಿ ಸೆಕೆಂಡ್ ಹ್ಯಾಂಡ್.

ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಆ ಮೆಷಿನ್ ಎಂದರೆ ಆಳೆತ್ತರದ ಪೆಟ್ಟಿಗೆ, ಎದುರಿಗೆ ಟಿವಿ, ಅದರ ಕೆಳಗೊಂದು ಹಿಡಿಕೆ. ನಾಣ್ಯ ಹಾಕಿದರೆ ಆಟ. ಒಂದು ಪೆಟ್ಟಿಗೆಯಲ್ಲಿ ಒಂದೇ ಆಟ. ಮೊದಲನೆಯದು ದುಡಿದರೆ ಅದರ ಹಣದಲ್ಲಿ ಎರಡನೆಯದು ತರಬೇಕು, ದುಡಿಯದಿದ್ದರೆ ಮತ್ತೆ ಕುವೈತು. ಹಾಗಾಗಿ ಮೊದಲು ಯಾವುದನ್ನು ತರುವುದು ಎನ್ನುವುದೇ ಅವರ ತಲೆನೋವಾಗಿತ್ತು.

ಅವರಿಗೆ ಐದು ವರ್ಷದ ಮಗಳಿದ್ದಳು. ಅವಳು ಹುಟ್ಟಿದಾಗ ಅಪ್ಪ ಕುವೈತಿನಲ್ಲಿ, ನಡೆಯಲು ಕಲಿತಾಗಲೂ ಅಲ್ಲೇ. ಈಗ ಮನೆಯೊಳಗೇ ಇರುವ ಈ ಮನುಷ್ಯನನ್ನು ಅವಳು "ಅವರು" ಎನ್ನುತ್ತಿದ್ದಳು. "ಅಮ್ಮಾ, ಅವರಿಗೆ ಚಾ ಬೇಕಂತೆ." ಇದನ್ನು ನನಗೆ ಹೇಳುವಾಗ ಕುವೈತಣ್ಣ ನಗುತ್ತಿದ್ದರು. ಕೇಳುವ ನನಗೆ ನಗು ಬರುತ್ತಿರಲಿಲ್ಲ.

ನನ್ನ ಅಂಗಡಿಯ ಅರ್ಧ ಭಾಗವನ್ನು ಅವರಿಗೆ ಬಾಡಿಗೆಗೆ ಕೊಟ್ಟಿದ್ದೆ. ಅಲ್ಲೇ ಕೂತು ಸಮಾಲೋಚನೆ ನಡೆಯಿತು. ಬೊಂಬಾಯಿಯ ವ್ಯಾಪಾರಿಯ ಬಳಿ ಎರಡು ಮೆಷಿನ್ ಇದ್ದವಂತೆ. ಒಂದರಲ್ಲಿ ಆಕಾಶದಿಂದ ಬರುವ ವಿಮಾನಗಳಿಗೆ ಗುಂಡು ಹೊಡೆಯುವುದು, ಇನ್ನೊಂದರಲ್ಲಿ ಮಂಗವೊಂದು ಮರ ಹತ್ತಿ ಹಣ್ಣು ಕೊಯ್ಯುವುದು. ಗುಂಡಿನ ಆಟದಲ್ಲಿ ಹುಡುಗರು ಎರಡು ನಿಮಿಷಕ್ಕೆ ಸಾಯುತ್ತಾರೆ, ಮತ್ತೆ ನಾಣ್ಯ ಹಾಕುತ್ತಾರೆ, ಅದನ್ನೇ ಒಯ್ಯಿರಿ ಎಂದು ಅವನು ಬಾಯಿಬಿಟ್ಟು ಹೇಳಿದ್ದ.

"ಎರಡು ನಿಮಿಷಕ್ಕೆ ಕಳಿಸಿಬಿಡುವುದು ಎಂತದು ಮಾರಾಯರೇ?" ಎಂದರು ಕುವೈತಣ್ಣ. "ಬಂದವರಿಗೆ ಬೆಲ್ಲ ನೀರು ಕೊಟ್ಟು, ಕುಡಿದಾಯಿತಲ್ಲ, ಇನ್ನು ಹೊರಡಿ ಎಂದ ಹಾಗೆ."

"ಅಣ್ಣಾ, ಹರಿಯದ ಪ್ಯಾಂಟು ಹೊಲಿದರೆ ಟೈಲರ್ ಉಪವಾಸ ಬೀಳುತ್ತಾನೆ," ಎಂದೆ ನಾನು.

ಅವರು ಜೋರಾಗಿ ನಕ್ಕರು. ತಂದದ್ದು ಮಂಗನನ್ನೇ.

ಮೊದಮೊದಲು ಜಾತ್ರೆ. ಕಾಲೇಜಿನ ಹುಡುಗರು ಮುಗಿಬಿದ್ದರು. ಆಮೇಲೆ ಒಬ್ಬ ಸಣಕಲು ಹುಡುಗ ಆ ಆಟವನ್ನು ಪೂರ್ತಿ ಕಲಿತುಬಿಟ್ಟ. ಒಂದು ನಾಣ್ಯ ಹಾಕಿ ನಿಂತನೆಂದರೆ ಮಂಗ ಸಾಯುವುದೇ ಇಲ್ಲ! ಅವನನ್ನು ನೋಡಿ ಉಳಿದವರೂ ಕಲಿತರು. ಅಂಗಡಿ ತುಂಬ ಜನ, ಗಲ್ಲಾಪೆಟ್ಟಿಗೆ ಮಾತ್ರ ಖಾಲಿ. ಕುವೈತಣ್ಣ ಯಾರಿಗೂ ಹೊರಡಿ ಎನ್ನಲಿಲ್ಲ. ಬದಲಿಗೆ ಎದುರಿನ ಹೋಟೆಲಿನಿಂದ ಹುಡುಗರಿಗೆ ಚಾ ತರಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ನಾನೇ ಉಡುಪಿಯಿಂದ ಮೆಕ್ಯಾನಿಕ್ ಒಬ್ಬನನ್ನು ಕರೆಸಿದೆ. ಅವನು ಪೆಟ್ಟಿಗೆಯ ಹಿಂಬದಿ ಬಿಚ್ಚಿದಾಗ ಬಂದದ್ದು ಇದೇ ಧೂಳಿನ ವಾಸನೆ. ಒಳಗಿದ್ದ ಸಣ್ಣ ಸ್ವಿಚ್ಚೊಂದನ್ನು ತೋರಿಸಿ, ಇದನ್ನು ತಿರುಗಿಸಿದರೆ ಮಂಗನ ಓಟ ಜೋರಾಗುತ್ತದೆ, ಎಂಥ ಗಟ್ಟಿಗನೂ ಬೇಗ ಸೋಲುತ್ತಾನೆ ಎಂದ. ಕುವೈತಣ್ಣ ಗಲ್ಲಾಪೆಟ್ಟಿಗೆ ತೆರೆದು ನೋಡಿ, "ಆಯಿತು, ಮಾಡಿ," ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಅವರ ಹೆಂಡತಿ ಮಗಳ ಕೈ ಹಿಡಿದುಕೊಂಡು ಬಂದರು. ಮಣಿಪಾಲದ ಆಸ್ಪತ್ರೆಯಲ್ಲಿ ಯಾರನ್ನೋ ನೋಡಿ ಬಂದದ್ದು, ಬಸ್ಸಿಗೆ ಇನ್ನೂ ಹೊತ್ತಿತ್ತು. ಮಗು ಪೆಟ್ಟಿಗೆಯನ್ನೇ ನೋಡುತ್ತಿತ್ತು. ಮೆಕ್ಯಾನಿಕ್‌ಗೆ ಸ್ವಲ್ಪ ತಾಳಿ ಎಂದು, ಕುವೈತಣ್ಣ ಅವಳನ್ನೆತ್ತಿ ಸ್ಟೂಲಿನ ಮೇಲೆ ನಿಲ್ಲಿಸಿ ನಾಣ್ಯ ಹಾಕಿದರು. ಮಂಗ ಬಿತ್ತು, ಎದ್ದಿತು, ಮೆಲ್ಲಗೆ ಮರ ಹತ್ತತೊಡಗಿತು. ಮಗು ಮೈಮರೆತು ಆಡಿತು. ಆಡುತ್ತ ಆಡುತ್ತ ಹಿಂದಕ್ಕೆ ವಾಲಿ ಅವರ ಎದೆಗೆ ಒರಗಿತು. ಮೇಲಿನ ಹಣ್ಣು ಸಿಕ್ಕಿದ್ದೇ ಕೂಗಿತು: "ಅಪ್ಪಾ, ನೋಡಿ!"

ನಾನು ಕತ್ತರಿ ಕೆಳಗಿಟ್ಟೆ. ಅವರ ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡು ರಸ್ತೆಯ ಕಡೆ ತಿರುಗಿದರು. ಕುವೈತಣ್ಣ ಅಲುಗಾಡಲಿಲ್ಲ. ಅಲುಗಿದರೆ ಮಗು ನೆಟ್ಟಗೆ ನಿಂತುಬಿಡುತ್ತದೆ ಎಂದು ಹೆದರಿದ್ದರು, ಅಷ್ಟೇ.

ತಾಯಿ ಮಗಳು ಬಸ್ಸಿಗೆ ಹೋದ ಮೇಲೆ ಅವರು ಮೆಕ್ಯಾನಿಕ್‌ಗೆ, "ಮುಚ್ಚಿಬಿಡಿ, ಹೇಗುಂಟೋ ಹಾಗೇ ಇರಲಿ," ಎಂದರು. ನಾನು ಬೈದೆ, ಚೆನ್ನಾಗಿಯೇ ಬೈದೆ. "ನಾಳೆ ಮಗು ಬಂದು ಆಡಿದರೆ ಬೇಗ ಸೋಲುವುದು ಬೇಡ," ಎಂದರು.

ಮಗು ಆಮೇಲೂ ಬಂತು, ಶನಿವಾರ ಶನಿವಾರ. ಆದರೆ ಬಾಡಿಗೆಗೂ ಕರೆಂಟು ಬಿಲ್ಲಿಗೂ ಅದರಿಂದ ಏನಾಗಬೇಕು? ಮಳೆಗಾಲಕ್ಕೆ ಮುಂಚೆ ಮಂಗನ ಪೆಟ್ಟಿಗೆ ಕಾರ್ಕಳದ ಒಬ್ಬ ಹೋಟೆಲಿನವರ ಪಾಲಾಯಿತು. ಕುವೈತಣ್ಣ ಮತ್ತೆ ವೀಸಾಕ್ಕೆ ಓಡಾಡಿದರು. ಹೊರಡುವ ಮುನ್ನ ನನ್ನಲ್ಲಿ ಎರಡು ಪ್ಯಾಂಟು ಹೊಲಿಸಿದರು. "ಹರಿಯುವಂಥದ್ದು ಹೊಲಿಯಬೇಡಿ ಮಾರಾಯರೇ," ಎಂದು ಚುಚ್ಚಿದರು. ಎರಡನೆಯ ವರ್ಷ ಕುವೈತಿನಲ್ಲೇ, ಗಾಡಿಯ ಸೀಟಿನಲ್ಲಿ ಕೂತಲ್ಲೇ ಎದೆಬಡಿತ ನಿಂತಿತಂತೆ.

ಹೋದ ವರ್ಷ ಕಾಪುವಿನ ಒಂದು ಮದುವೆಯಲ್ಲಿ ಆ ಮಗಳು ಸಿಕ್ಕಿದ್ದಳು. ಈಗ ಅವಳ ತಲೆಯಲ್ಲೇ ನರೆಕೂದಲು. ಮಂಗನ ಆಟ ನೆನಪುಂಟಾ ಎಂದು ಕೇಳಿದೆ. ಅವಳು ನೆನಪಿಸಿಕೊಳ್ಳಲು ತುಂಬ ಪ್ರಯತ್ನಪಟ್ಟಳು, ಪಾಪ.

"ಇಲ್ಲ ಅಂಕಲ್," ಎಂದಳು ಕೊನೆಗೆ. "ನಾನು ಅವರನ್ನು ಅಪ್ಪ ಎಂದು ಕರೆದದ್ದಾದರೂ ಉಂಟಾ?"

ಉಂಟು ಮಗಾ, ನಾನು ಕೇಳಿದ್ದೇನೆ ಎಂದೆ. ಅವಳು ಊಟದೆಲೆ ಮುಂದಿಟ್ಟುಕೊಂಡು ಅಳತೊಡಗಿದಳು. ಅವತ್ತು ಅಲ್ಲಿದ್ದವರಲ್ಲಿ ಅವಳ ತಾಯಿಯೂ ಈಗಿಲ್ಲ, ಆ ಮೆಕ್ಯಾನಿಕ್ ಎಲ್ಲಿದ್ದಾನೋ ಗೊತ್ತಿಲ್ಲ. ಆ ಒಂದು ಕೂಗು ಕೇಳಿದವರೆಂದು ಉಳಿದಿರುವುದು ಈ ಮುದಿ ಟೈಲರ್ ಮಾತ್ರ. ನನಗೂ ಸುಸ್ತಾಗಿದೆ, ಇನ್ನೆಷ್ಟು ದಿನವೋ.