ಕೊಲ್ಲಮೊಗ್ರಿನ ಸಾಕ್ಷಿ

ಪುತ್ತೂರು ಬಸ್ ನಿಲ್ದಾಣದಿಂದ ಬೆಳಿಗ್ಗೆ ಏಳಕ್ಕೆ ಹೊರಟೆ. ಒಂಬತ್ತು ವರ್ಷಗಳಿಂದ ಇಲ್ಲಿನ ಕೋರ್ಟಿನಲ್ಲಿ ಆರೋಪಿಗಳ ಪರ ವಾದಿಸುತ್ತಿರುವ ನನಗೆ ಆ ದಿನ ಪರೀಕ್ಷೆ. ಯುದ್ಧಾಪರಾಧದಂಥ ಪ್ರಕರಣಗಳನ್ನು ವಿಚಾರಿಸುವ ಅಂತರರಾಷ್ಟ್ರೀಯ ನ್ಯಾಯಾಲಯಗಳಲ್ಲಿ ಆರೋಪಿಗಳ ಪರ ನಿಲ್ಲಲು ವಕೀಲರಿಗೊಂದು ತರಬೇತಿ ನಡೆದಿತ್ತು. ನಾವು ಆರು ಮಂದಿ. ಮುಂದಿನ ಹಂತಕ್ಕೆ ಹೇಗ್ ನಗರಕ್ಕೆ ಹೋಗುವ ಅವಕಾಶ ಒಬ್ಬರಿಗೆ ಮಾತ್ರ.

ಸುಳ್ಯದಲ್ಲಿ ಇಳಿದು ಹೋಟೆಲಿನಲ್ಲಿ ತಿಂಡಿಗೆ ಎರಡು ಬನ್ಸ್ ತರಿಸಿದೆ. ಒಂದು ಹಾಗೇ ಉಳಿಯಿತು. ಅಲ್ಲಿಂದ ಜೀಪಿನಲ್ಲಿ ಒಂದೂವರೆ ಗಂಟೆ. ತಿರುವುಗಳುದ್ದಕ್ಕೂ ಇಂಗ್ಲಿಷ್ ಪ್ರಶ್ನೆಗಳನ್ನು ಬಾಯಿಪಾಠ ಮಾಡುತ್ತಿದ್ದೆ.

ಕೊಲ್ಲಮೊಗ್ರಿನ ಒಂದು ಸಭಾಭವನವೇ ಅಂದಿನ ಅಣಕು ನ್ಯಾಯಾಲಯ. ಅಂಥ ಕೋರ್ಟುಗಳಲ್ಲಿ ವರ್ಷಗಟ್ಟಲೆ ವಾದಿಸಿ ಬಂದ ರೋಹಿಣಿ ಮೇಡಂ ನ್ಯಾಯಾಧೀಶರ ಕುರ್ಚಿಯಲ್ಲಿದ್ದರು. "ಅಲ್ಲಿ ಸಾಕ್ಷಿಯ ಭಾಷೆ ಜಡ್ಜಿಗೂ ಬರುದಿಲ್ಲ, ನಿಮಗೂ ಬರುದಿಲ್ಲ. ದುಭಾಷಿಯ ಮಾತೇ ದಾಖಲೆ. ಅದಕ್ಕೇ ಇಲ್ಲಿಗೆ ಕರೆಸಿದ್ದು" ಎಂದರು. ದುಭಾಷಿ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಪದ್ಮಯ್ಯ. ಸಾಕ್ಷಿಯ ಪಾತ್ರ ಊರಿನ ದೇವಕಿಯಕ್ಕನದು. ಅವರು ಕನ್ನಡಕ್ಕೆ ಹತ್ತಿರದ ಇಲ್ಲಿನ ಮನೆಮಾತು ಅರೆಭಾಷೆಯಲ್ಲಿ ಉತ್ತರಿಸಬೇಕು, ನಾವು ಕಿವಿಗೆ ಹೆಡ್‌ಫೋನ್ ಹಾಕಿ ಮೇಷ್ಟ್ರ ಇಂಗ್ಲಿಷನ್ನಷ್ಟೇ ಕೇಳಬೇಕು.

ಆ ಕಲ್ಪಿತ ಪ್ರಕರಣದಲ್ಲಿ, ಲಾರಿಯಲ್ಲಿ ಬಂದು ಊರೊಂದನ್ನು ಸುಟ್ಟ ಆರೋಪ ಹೊತ್ತವನು ನನ್ನ ಕಕ್ಷಿದಾರ. ಲಾರಿಯಿಂದ ಇಳಿದವನು ಇವನೇ ಎಂದು ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.

"ನಂಗೆ ಗೊತ್ಲೆ" ಎಂದರು ದೇವಕಿಯಕ್ಕ.

ಹೆಡ್‌ಫೋನಿನಲ್ಲಿ ಮೇಷ್ಟ್ರ ದನಿ ಬಂತು: ನೆನಪಿಲ್ಲವಂತೆ.

ಹೆಡ್‌ಫೋನ್ ಸರಿದು ನನ್ನ ಒಂದು ಕಿವಿ ಅರ್ಧ ತೆರೆದಿತ್ತು; ಗೊತ್ತಿಲ್ಲ ಎಂದಂತೆ ಕೇಳಿಸಿತ್ತು. ಗೊತ್ತಿಲ್ಲ ಎನ್ನುವುದು ಬೇರೆ, ನೆನಪಿಲ್ಲ ಎನ್ನುವುದು ಬೇರೆ. ನೆನಪಿಲ್ಲ ಎಂದರೆ ಒಮ್ಮೆ ಗೊತ್ತಿತ್ತು ಎಂದಾಯಿತು. ಆದರೆ ಮೇಷ್ಟ್ರು ಹಿರಿಯರು, ಎದುರಿಗೆ ಕುಳಿತು ನೋಡುತ್ತಿದ್ದವರು ಅವರನ್ನು ಬಲ್ಲ ಊರಿನ ಜನ. ನನಗೆ ಕೇಳಿಸಿದ್ದೇ ತಪ್ಪಾಗಿದ್ದರೆ? ಹೆದರಿ ಮುಂದಿನ ಪ್ರಶ್ನೆಗೆ ಹೋದೆ. ಅದರ ಉತ್ತರ ತಲೆಗೆ ಹೋಗಲೇ ಇಲ್ಲ. ಕೊನೆಗೆ ಎದ್ದು ನಿಂತು, ಹಿಂದಿನ ಅನುವಾದಕ್ಕೆ ಆಕ್ಷೇಪವಿದೆ ಎಂದೆ.

ಮೇಷ್ಟ್ರ ಮುಖ ಕೆಂಪಾಯಿತು. ಮೇಡಂ ಅದೇ ಪ್ರಶ್ನೆಯನ್ನು ಮತ್ತೆ ಕೇಳಿಸಿದರು. ದೇವಕಿಯಕ್ಕ ಈ ಸಲ ಬಿಡಿಸಿ ಹೇಳಿದರು: ಅವನನ್ನು ಅವರು ನೋಡಿಯೇ ಇರಲಿಲ್ಲ. ಆಚೆಮನೆಯವರು ಹೇಳಿದ ಹೆಸರನ್ನು ಪೊಲೀಸರಿಗೆ ಹೇಳಿದ್ದರು, ಅಷ್ಟೆ.

ಊಟಕ್ಕೆ ಮೊದಲು ಮೇಡಂ ನನ್ನನ್ನು ಕರೆದರು. "ಹೇಗ್‌ಗೆ ನಿಮ್ಮ ಹೆಸರು ಕಳಿಸ್ತೇನೆ. ಆದ್ರೆ ಒಂದು ಪ್ರಶ್ನೆ ದಾಟಿ ಹೋದ ಮೇಲೆ ಎದ್ದಿರಲ್ಲ, ಅದು ಸರಿಯಾಗ್ಲಿಲ್ಲ." ಹೂಂ ಎಂದೆ. ಖುಷಿಪಡಬೇಕಿತ್ತು. ಮೇಷ್ಟ್ರು ಊಟದ ಪಂಕ್ತಿಯಲ್ಲಿ ಕಾಣಲಿಲ್ಲ.

ಸುಬ್ರಹ್ಮಣ್ಯಕ್ಕೆ ಬಂದು ಕಡಬದ ಮೇಲೆ ಪುತ್ತೂರಿಗೆ ಹೋಗುವ ಬಸ್ಸು ಹತ್ತಿದರೆ ಮೇಷ್ಟ್ರು ಮುಂದಿನ ಸೀಟಿನಲ್ಲೇ ಇದ್ದರು. ನಮಸ್ಕಾರ ಎಂದೆ. ತಲೆಯಾಡಿಸಿ ಕಿಟಕಿಗೆ ತಿರುಗಿದರು. ಮುಕ್ಕಾಲು ಗಂಟೆ ಅವರ ಬಿಳಿಗೂದಲನ್ನೇ ನೋಡುತ್ತ ಕುಳಿತೆ. ಕ್ಷಮೆ ಕೇಳಬೇಕೆ? ಯಾವುದಕ್ಕೆಂದು ಕೇಳುವುದು?

ಕಡಬದಲ್ಲಿ ಇಳಿಯಲು ಎದ್ದವರು ನನ್ನ ಸೀಟಿನ ಬಳಿ ನಿಂತರು.

"ನಂಗೆ ಬೇಜಾರಾದ್ದು ಹೌದು ಮಾರಾಯ್ರೆ, ಸುಳ್ಳು ಹೇಳುದಿಲ್ಲ" ಎಂದರು. "ಆದ್ರೆ ನಿಜದ ಕೋರ್ಟಲ್ಲಿ ನನ್ನ ಒಂದು ಮಾತಿಂದ ಯಾರೋ ಒಬ್ಬ ಜೈಲಿಗೆ ಹೋಗಿದ್ರೆ? ಅದನ್ನು ಎಂತ ಮಾಡುದಿತ್ತು?"

ಅವರು ಇಳಿಯುತ್ತಲೇ ಕಂಡಕ್ಟರ್ ಸೀಟಿ ಊದಿದ. ಬಸ್ಸು ಪುತ್ತೂರಿನ ಕಡೆ ತಿರುಗಿತು. ಹಿಂತಿರುಗಿ ನೋಡಿದೆ. ಮೇಷ್ಟ್ರು ಇಳಿದ ಜಾಗದಲ್ಲೇ ನಿಂತು, ಯಾವುದೋ ಶಬ್ದವನ್ನು ತಮಗೆ ತಾವೇ ಹೇಳಿ ನೋಡುವಂತೆ ತುಟಿ ಅಲ್ಲಾಡಿಸುತ್ತಿದ್ದರು.